ರಜೆಯಲ್ಲಿ ಪ್ರಾಣಿಗಳನ್ನು ಹತ್ತಿರದಿಂದ ನೋಡಲು ಎಲ್ಲಿಗೆ ಹೋಗಬೇಕು?

ಪುಣೆಯಲ್ಲಿರುವ ನನ್ನ ತಂಗಿ ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬರುತ್ತಾಳೆ. ಈ ಸಲ ಟಿಕೆಟ್ ಕಾಯ್ದಿರಿಸುವುದಕ್ಕೆ ಮೊದಲೇ ಫೋನು ಮಾಡಿ, "ಅಕ್ಕಾ, ಮಕ್ಕಳಿಗೆ ಈ ವರ್ಷವಾದರೂ ಪ್ರಾಣಿಗಳನ್ನು ಹತ್ತಿರದಿಂದ ತೋರಿಸಬೇಕು, ಹೋದ ವರ್ಷದ ಹಾಗೆ ಬಾಲ ತೋರಿಸಿ ಕಳಿಸಬೇಡ" ಎಂದಳು. ಅವಳು ಹೇಳಿದ್ದರಲ್ಲಿ ಅತಿಶಯೋಕ್ತಿಯೇನೂ ಇರಲಿಲ್ಲ. ಹೋದ ವರ್ಷ ನಾವು ಕಬಿನಿಯ ಕಡೆಗೆ ಹೋಗಿ, ದಮ್ಮನಕಟ್ಟೆಯಿಂದ ಕ್ಯಾಂಟರ್ ಹತ್ತಿ, ಮೂರು ಗಂಟೆ ಕಾಡಿನ ದಾರಿಯಲ್ಲಿ ಕುಲುಕಾಡಿದ ಮೇಲೆ ನಮಗೆ ದಕ್ಕಿದ್ದು ಜಿಂಕೆಗಳ ಹಿಂಡು, ಎರಡು ನವಿಲು, ಒದ್ದೆ ಮಣ್ಣಿನಲ್ಲಿ ಮೂಡಿದ್ದ ಹುಲಿಯ ಹೆಜ್ಜೆ ಮತ್ತು ಲಂಟಾನದ ಪೊದೆಯೊಳಗೆ ಸರಿದುಹೋಗುತ್ತಿದ್ದ ಒಂದು ಆನೆಯ ಹಿಂಭಾಗ. ಆರು ವರ್ಷದ ಚಿಕ್ಕವನು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ, ಹನ್ನೊಂದು ವರ್ಷದ ದೊಡ್ಡವಳು ಇಳಿದ ಕೂಡಲೇ, "ದೊಡ್ಡಮ್ಮ, ಹುಲಿ ಸಿಗದಿದ್ದರೆ ದುಡ್ಡು ವಾಪಸ್ ಕೊಡುತ್ತಾರಾ?" ಎಂದು ಕೇಳಿದ್ದಳು.

ನನಗೆ ಆ ಮೂರು ಗಂಟೆಗಳ ಬಗ್ಗೆ ಸ್ವಲ್ಪವೂ ಬೇಸರವಿರಲಿಲ್ಲ ಎಂಬುದು ಬೇರೆ ಮಾತು. ಆದರೆ ಮಕ್ಕಳು, ಮಂಡಿನೋವಿನ ಅಮ್ಮ, ಮೂರು ದಿನದ ರಜೆ, ಇಷ್ಟನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದಾಗ ಜಾಗದ ಆಯ್ಕೆಯಲ್ಲಿ ನಾನೇ ತಪ್ಪಿದ್ದೆ ಎಂದು ಒಪ್ಪಿಕೊಳ್ಳಬೇಕಾಯಿತು. ಸಫಾರಿ ಎಂಬ ಒಂದೇ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ನಡೆಯುವ ವ್ಯವಹಾರಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ಬಂಡೀಪುರ, ನಾಗರಹೊಳೆ, ಭದ್ರಾಗಳಲ್ಲಿ ನಾವು ಕಾಡಿನೊಳಗೆ ಹೋಗುತ್ತೇವೆ, ಪ್ರಾಣಿ ತನಗೆ ಬೇಕೆನಿಸಿದರೆ ಕಾಣಿಸಿಕೊಳ್ಳುತ್ತದೆ. ಬನ್ನೇರುಘಟ್ಟ, ತ್ಯಾವರೆಕೊಪ್ಪಗಳಲ್ಲಿ ಬೇಲಿ ಹಾಕಿದ ವಿಸ್ತಾರವಾದ ಆವರಣದೊಳಗೆ ಪ್ರಾಣಿ ಇದ್ದೇ ಇರುತ್ತದೆ, ನಾವು ಬಸ್ಸಿನಲ್ಲಿ ಅದರ ಮುಂದೆ ಹಾದುಹೋಗುತ್ತೇವೆ. ಸಕ್ರೆಬೈಲು, ದುಬಾರೆಗಳ ಆನೆ ಬಿಡಾರಗಳನ್ನೂ ರಂಗನತಿಟ್ಟಿನ ದೋಣಿಯನ್ನೂ ಯಾರೂ ಸಫಾರಿ ಎಂದು ಕರೆಯುವುದಿಲ್ಲ, ಆದರೂ ಹತ್ತಿರದಿಂದ ನೋಡಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಅವುಗಳ ಹೆಸರನ್ನೇ. ಅದಕ್ಕೆ ಕಾರಣವಿದೆ. ಹತ್ತಿರ ಎಂಬುದನ್ನು ಜನ ಅಡಿಗಳಲ್ಲಿ ಅಳೆಯುತ್ತಾರೆ, ನಾನು ಈಚೆಗೆ ನಿಮಿಷಗಳಲ್ಲಿ ಅಳೆಯಲು ಆರಂಭಿಸಿದ್ದೇನೆ: ತನ್ನ ಪಾಡಿಗೆ ತನ್ನ ಕೆಲಸದಲ್ಲಿರುವ ಪ್ರಾಣಿಯೊಂದರ ಎದುರು ನಾವು ಎಷ್ಟು ಹೊತ್ತು ನಿಲ್ಲಬಹುದು ಎಂಬುದೇ ಜಾಗ ಆರಿಸುವಾಗ ನಾನು ಹಾಕುವ ಲೆಕ್ಕ.

ಈ ಲೆಕ್ಕಕ್ಕೆ ಬನ್ನೇರುಘಟ್ಟವನ್ನು ಒಡ್ಡಿ ನೋಡೋಣ. ಬೆಂಗಳೂರಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಈ ಜೈವಿಕ ಉದ್ಯಾನ, 2002ರಲ್ಲಿ ರಾಷ್ಟ್ರೀಯ ಉದ್ಯಾನದಿಂದ ಬೇರೆಯಾಗಿ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತಕ್ಕೆ ಬಂದದ್ದು. ಮೂರು ವರ್ಷಗಳ ಹಿಂದೆ ನಾವು ಹೋದಾಗ ಮೊದಲು ಜಿಂಕೆ, ಕಡವೆ, ಕಾಟಿಗಳ ಭಾಗ, ನಂತರ ಕರಡಿ, ಆಮೇಲೆ ಸಿಂಹ, ಹುಲಿ. ಒಂದೊಂದು ಆವರಣಕ್ಕೂ ಎರಡೆರಡು ಗೇಟು; ಬಸ್ಸು ಮೊದಲ ಗೇಟನ್ನು ದಾಟಿ ನಿಂತು, ಅದು ಹಿಂದೆ ಮುಚ್ಚಿಕೊಂಡ ಮೇಲೆಯೇ ಮುಂದಿನದು ತೆರೆಯುತ್ತದೆ. ಆ ಎರಡು ಗೇಟುಗಳ ನಡುವಿನ ಅರೆ ನಿಮಿಷದಲ್ಲಿ ಬಸ್ಸಿನೊಳಗಿನ ಗದ್ದಲವೆಲ್ಲ ತಾನಾಗಿ ಅಡಗಿ, ಎಲ್ಲರೂ ಕಿಟಕಿಯ ಕಂಬಿಯ ಕಡೆಗೆ ವಾಲಿಕೊಂಡು ಕುಳಿತದ್ದು ನನಗೆ ಸಿಂಹಕ್ಕಿಂತ ಹೆಚ್ಚು ನೆನಪಿನಲ್ಲಿದೆ. ಸಿಂಹವೇನೋ ದಾರಿಯ ಅಂಚಿನಲ್ಲೇ, ಬಸ್ಸಿನ ಚಕ್ರಕ್ಕೆ ಒಂದು ಮಾರು ದೂರದಲ್ಲಿ ಮಲಗಿತ್ತು. ಮೂಗಿನ ಮೇಲಿನ ಹಳೆಯ ಗಾಯದ ಗೆರೆಗಳನ್ನೂ, ಕಿವಿಯ ಅಂಚಿನಲ್ಲಿ ಕೂತೇಳುತ್ತಿದ್ದ ನೊಣಗಳನ್ನೂ ಎಣಿಸಬಹುದಿತ್ತು. ಆದರೆ ಹಿಂದಿನ ಬಸ್ಸು ಕಾಯುತ್ತಿತ್ತು, ಚಾಲಕ ಒಂದೂವರೆ ನಿಮಿಷಕ್ಕೆ ಗೇರು ಹಾಕಿದ. ಸಿಂಹ ಕಣ್ಣು ತೆರೆಯಲಿಲ್ಲ.

ಅದು ಕಣ್ಣು ತೆರೆಯದಿದ್ದುದಕ್ಕೆ ಬೇಸರಪಟ್ಟುಕೊಂಡ ಸಹಪ್ರಯಾಣಿಕರೊಬ್ಬರು ಕಿಟಕಿ ಬಡಿದದ್ದನ್ನೂ, ಚಾಲಕ ಅವರನ್ನು ಗದರಿಸಿದ್ದನ್ನೂ ನೋಡಿದೆ. ಸಿಂಹಗಳು ದಿನದ ಬಹುಪಾಲು ಹೊತ್ತನ್ನು ಮಲಗಿಯೇ ಕಳೆಯುತ್ತವೆ. ಅದರ ಮೇಲೆ, ಇಂಥ ಉದ್ಯಾನಗಳಲ್ಲಿ ಮಾಂಸಾಹಾರಿಗಳಿಗೆ ಊಟ ಸಿಗುವುದು ಸಂಜೆ ಅವು ಮರಳುವ ಗೂಡುಮನೆಗಳಲ್ಲಿ. ಹೀಗಿರುವಾಗ ನಡುಹಗಲಿನಲ್ಲಿ ಅವು ಎದ್ದು ಓಡಾಡಲು ಯಾವ ಕಾರಣವೂ ಇಲ್ಲ. ಆದ್ದರಿಂದ ಬನ್ನೇರುಘಟ್ಟಕ್ಕೆ ಹೋಗುವವರಿಗೆ ನನ್ನ ಸಲಹೆ ಒಂದೇ: ಬೆಳಗಿನ ಮೊದಲ ಬಸ್ಸುಗಳಲ್ಲೇ ಹೋಗಿ, ಶನಿವಾರ ಭಾನುವಾರಗಳನ್ನು ಬಿಡಿ, ಮತ್ತು ಮಂಗಳವಾರ ರಜೆ ಎಂಬುದನ್ನು ಮರೆಯಬೇಡಿ. 2024ರಲ್ಲಿ ಅಲ್ಲಿ ಆರಂಭವಾದ ಚಿರತೆ ಸಫಾರಿಯನ್ನು ನಾನಿನ್ನೂ ನೋಡಿಲ್ಲ; ಆದರೆ ಮರುವರ್ಷದ ಆಗಸ್ಟಿನಲ್ಲಿ ಚಿರತೆಯೊಂದು ಸಫಾರಿ ವಾಹನದ ಕಿಟಕಿಯ ಸಂದಿಯಿಂದ ಬಾಲಕನೊಬ್ಬನ ಕೈಯನ್ನು ಪರಚಿದ ಸುದ್ದಿ ಓದಿದ ಮೇಲೆ, ಹತ್ತಿರ ಎನ್ನುವ ಮಾತನ್ನು ಪ್ರಾಣಿಯೂ ತನ್ನ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತದೆ ಎಂದು ಮಕ್ಕಳಿಗೆ ಬಿಡಿಸಿ ಹೇಳಿದ್ದೇನೆ. ಕೈ, ಫೋನು, ಶಾಲು, ಯಾವುದೂ ಕಿಟಕಿಯಿಂದ ಆಚೆಗೆ ಹೋಗತಕ್ಕದ್ದಲ್ಲ.

ಬನ್ನೇರುಘಟ್ಟದಲ್ಲಿ ನಿಮಿಷಗಳು ಕಡಿಮೆ ಸಿಕ್ಕರೂ ಒಂದು ಕಾರಣಕ್ಕೆ ನಾನು ಅದನ್ನು ಪಟ್ಟಿಯಿಂದ ಕೈಬಿಡುವುದಿಲ್ಲ. ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಸಾಕುವ ಪುನರ್ವಸತಿ ಕೇಂದ್ರವೊಂದು ಅಲ್ಲಿದೆ. ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾದ ರಾಜು 2009ರಲ್ಲಿ ಬಂದು ಸೇರಿದ್ದೂ ಅಲ್ಲಿಗೇ. ನಾವು ಚಿಕ್ಕವರಿದ್ದಾಗ ನಮ್ಮ ಬೀದಿಗೆ ಕರಡಿ ಬಂದರೆ, ಮಕ್ಕಳ ಹೆದರಿಕೆ ಹೋಗಲೆಂದು ಅಮ್ಮ ನಮ್ಮನ್ನು ಅದರ ಬೆನ್ನ ಮೇಲೆ ಕೂರಿಸಿ, ತಾಯಿತಕ್ಕೆಂದು ಅದರ ಕೂದಲನ್ನು ಕೇಳಿ ತೆಗೆದುಕೊಳ್ಳುತ್ತಿದ್ದರು. ಅಡಿಗಳ ಲೆಕ್ಕದಲ್ಲಿ ನಾನು ಕಾಡುಪ್ರಾಣಿಯೊಂದಕ್ಕೆ ಅದಕ್ಕಿಂತ ಹತ್ತಿರ ಹೋದದ್ದಿಲ್ಲ. ಆ ಕರಡಿಯ ಮುಖ ಹೇಗಿತ್ತು ಎಂದು ಕೇಳಿದರೆ ನನಗೆ ನೆನಪಿರುವುದು ಹಗ್ಗ ಮಾತ್ರ.

ತ್ಯಾವರೆಕೊಪ್ಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಹತ್ತು ಕಿಲೋಮೀಟರ್. 1988ರಿಂದ ನಡೆಯುತ್ತಿರುವ ಹುಲಿ ಸಿಂಹಗಳ ಸಫಾರಿ. ಬನ್ನೇರುಘಟ್ಟದಷ್ಟು ದೊಡ್ಡದಲ್ಲ, ಅಷ್ಟು ಜನಜಂಗುಳಿಯೂ ಇಲ್ಲ. ನಮ್ಮ ಊರಿನದೆಂಬ ಅಭಿಮಾನವನ್ನು ಬದಿಗಿಟ್ಟು ಹೇಳುವುದಾದರೂ, ಚಿಕ್ಕ ಮಕ್ಕಳಿಗೆ ಮೊದಲ ಹುಲಿಯನ್ನು ತೋರಿಸಲು ಇದಕ್ಕಿಂತ ಕಡಿಮೆ ದಣಿವಿನ ಜಾಗ ಇನ್ನೊಂದಿಲ್ಲ. ಇದಕ್ಕೂ ಮಂಗಳವಾರ ರಜೆ.

ಹತ್ತಿರ ಹೋಗಬೇಕೆಂಬ ಆಸೆಯನ್ನೇ ವ್ಯಾಪಾರ ಮಾಡಿಕೊಂಡ ಜಾಗಗಳೂ ಉಂಟು. ಎರಡು ವರ್ಷದ ಹಿಂದೆ, ಹೆದ್ದಾರಿಯ ಪಕ್ಕದ ಒಂದು ಖಾಸಗಿ ಉದ್ಯಾನಕ್ಕೆ ನಾನೇ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಹುಡುಗ ಬಂದು, ನಾವು ಹೂಂ ಎನ್ನುವ ಮೊದಲೇ, ಚಿಕ್ಕವನ ಭುಜದ ಮೇಲೆ ನೀಲಿ ಹಳದಿ ಬಣ್ಣದ ದೊಡ್ಡ ಗಿಳಿಯೊಂದನ್ನು ಕೂರಿಸಿ ಫೋಟೋ ತೆಗೆದ. ಗಿಳಿಯ ಎದೆಯ ಮೇಲೆ ಅಂಗೈಯಗಲ ಜಾಗದಲ್ಲಿ ಪುಕ್ಕವೇ ಇರಲಿಲ್ಲ. ಬೇಸರಕ್ಕೋ ಒಂಟಿತನಕ್ಕೋ ಪಂಜರದ ಹಕ್ಕಿಗಳು ತಮ್ಮ ಪುಕ್ಕವನ್ನು ತಾವೇ ಕಿತ್ತುಕೊಳ್ಳುತ್ತವೆ ಎಂದು ಮನೆಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಒಬ್ಬರ ಭುಜದಿಂದ ಇಳಿಸಿ ಇನ್ನೊಬ್ಬರ ಭುಜಕ್ಕೆ, ದಿನಕ್ಕೆ ನೂರು ಸಲ. ಫೋಟೋದ ದುಡ್ಡನ್ನೂ ಕೊಟ್ಟೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಮುಟ್ಟಲು, ಎತ್ತಿಕೊಳ್ಳಲು, ಮುದ್ದಾಡಲು ಇಷ್ಟಿಷ್ಟು ಎಂದು ದರದ ಫಲಕ ಹಾಕಿರುವ ಕಡೆಗೆ ಅಂದಿನಿಂದ ನಾನು ಕಾಲಿಟ್ಟಿಲ್ಲ.

ಈಗ ಸಕ್ರೆಬೈಲಿಗೆ ಬರುತ್ತೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಹದಿನಾಲ್ಕು ಕಿಲೋಮೀಟರ್, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ದಡ. ರಾತ್ರಿ ಶೆಟ್ಟಿಹಳ್ಳಿಯ ಕಾಡಿಗೆ ಮೇಯಲು ಬಿಟ್ಟ ಆನೆಗಳನ್ನು ಮಾವುತರೂ ಅವರ ಸಹಾಯಕರಾದ ಕಾವಾಡಿಗಳೂ ನಸುಕಿನಲ್ಲಿ ಹುಡುಕಿಕೊಂಡು ಹೋಗಿ, ಎಳೆದುಹೋದ ಸರಪಳಿಯ ಜಾಡು ಹಿಡಿದು ಕರೆತರುತ್ತಾರೆ. ಎಂಟೂವರೆಯ ಹೊತ್ತಿಗೆ ಒಂದೊಂದಾಗಿ ತುಂಗೆಗೆ ಇಳಿಯುತ್ತವೆ. ಹನ್ನೊಂದರ ನಂತರ ಹೋದವರಿಗೆ ಖಾಲಿ ದಡವಷ್ಟೇ ಸಿಗುವುದು. ಬೆಂಗಳೂರಿನಿಂದ ಹೊರಟು ಜೋಗಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ಹನ್ನೆರಡು ಗಂಟೆಗೆ ಇಳಿದು, ಆನೆ ಎಲ್ಲಿ ಎಂದು ಕೇಳುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನೀರಿಗಿಳಿದ ಆನೆ ಮೊದಲು ಮುಂಗಾಲು ಮಡಿಚಿ, ಆಮೇಲೆ ಹಿಂಗಾಲು ಮಡಿಚಿ, ಕೊನೆಗೆ ಗೋಡೆ ಒರಗಿದಂತೆ ಮಗ್ಗುಲಿಗೆ ಮಲಗುತ್ತದೆ. ಆಗ ನೀರಿನಿಂದ ಮೇಲೆ ಉಳಿಯುವುದು ಹೊಟ್ಟೆಯ ಒಂದು ಕಪ್ಪು ದಿಬ್ಬ ಮತ್ತು ಸೊಂಡಿಲಿನ ತುದಿ ಮಾತ್ರ. ಆ ತುದಿ ಹಾವಿನ ಹೆಡೆಯಂತೆ ಅತ್ತಿತ್ತ ಆಡುತ್ತ, ಆಗಾಗ ಪುಸ್ ಎಂದು ಉಸಿರು ಬಿಡುತ್ತದೆ. ಕಾವಾಡಿ ಹೊಟ್ಟೆಯ ಮೇಲೆ ಹತ್ತಿ ನಿಂತು ಬ್ರಷ್ಷಿನಿಂದ ಗಸಗಸನೆ ತಿಕ್ಕುವಾಗ, ನೀರಿನಲ್ಲಿ ಕೆಂಪು ಮಣ್ಣು ಹೊಗೆಯಂತೆ ಹರಡಿಕೊಂಡು ಹೋಗುತ್ತದೆ. ಮಣ್ಣು ಹೋದ ಮೇಲೆ ಕಾಣುವ ಚರ್ಮ ನಾವು ಚಿತ್ರದಲ್ಲಿ ಬಳಿಯುವ ಬೂದು ಬಣ್ಣದ್ದಲ್ಲ. ಕಿವಿಯ ಅಂಚಿನಲ್ಲೂ ಸೊಂಡಿಲಿನ ಬುಡದಲ್ಲೂ ತೆಳು ಗುಲಾಬಿ, ಅದರ ಮೇಲೆ ಕಪ್ಪು ಚುಕ್ಕಿಗಳು. ನೆತ್ತಿಯ ಮೇಲೆ ತಂತಿಯಂಥ ಕೂದಲು. ಕಣ್ಣಿಗೆ ಉದ್ದವಾದ, ನೇರವಾದ ರೆಪ್ಪೆ. ದೊಡ್ಡವಳು ಐದು ವರ್ಷದವಳಿದ್ದಾಗ ಈ ರೆಪ್ಪೆಯನ್ನು ನೋಡಿ, "ದೊಡ್ಡಮ್ಮ, ಇದಕ್ಕೆ ಕಾಡಿಗೆ ಹಚ್ಚಿದ್ದಾರಾ?" ಎಂದು ಮಾವುತನನ್ನೂ ನಗಿಸಿದ್ದಳು. ಅಂದು ನಾವು ಒಂದೇ ಆನೆಯ ಎದುರು, ಅದು ನೀರಿಗಿಳಿದು ಎದ್ದು ದಡಕ್ಕೆ ಬರುವವರೆಗೆ, ನಲವತ್ತು ನಿಮಿಷ ನಿಂತಿದ್ದೆವು. ಆಮೇಲೆ ಭತ್ತದ ಹುಲ್ಲಿನೊಳಗೆ ಭತ್ತ, ಬೆಲ್ಲ ಇಟ್ಟು ಕಟ್ಟಿದ ಕುಸುರೆಯನ್ನು ಮಾವುತರು ಬಾಯಿಗೆ ಕೊಡುವುದನ್ನು ನೋಡಿದೆವು. ಆನೆ ಅದನ್ನು ಸೊಂಡಿಲಿನಿಂದ ತೆಗೆದುಕೊಳ್ಳದೆ ಬಾಯಿ ತೆರೆದು, ಅನ್ನ ಕಲಸಿ ಕೊಡುವ ಅಜ್ಜಿಯ ಎದುರು ಮಕ್ಕಳು ನಿಲ್ಲುವಂತೆ ನಿಂತಿತ್ತು.

ಇಲ್ಲಿನ ಆನೆಗಳು ಸ್ವತಂತ್ರವಾಗಿವೆ ಎಂದು ನಾನು ಹೇಳಲಾರೆ. ಕಾಲಿನ ಸರಪಳಿ ಯಾಕೆ ಎಂದು ಅದೇ ಹುಡುಗಿ ಅದೇ ದಿನ ಕೇಳಿದ್ದಳು. ತೋಟ ಗದ್ದೆಗಳಿಗೆ ನುಗ್ಗುತ್ತಿದ್ದವೆಂದು ಹಿಡಿದು, ಮರದ ದಿಮ್ಮಿಗಳ ದೊಡ್ಡಿಯಾದ ಕ್ರಾಲ್‌ನಲ್ಲಿಟ್ಟು ಪಳಗಿಸಿದ ಆನೆಗಳು ಇಲ್ಲಿವೆ, ಬಿಡಾರದಲ್ಲೇ ಹುಟ್ಟಿದ ಮರಿಗಳೂ ಇವೆ. ಪಳಗಿದವುಗಳಲ್ಲಿ ಕೆಲವು ಇನ್ನೊಂದು ಪುಂಡಾನೆಯನ್ನು ಹಿಡಿಯುವ ಕಾರ್ಯಾಚರಣೆಗೆ ಕುಮ್ಕಿಗಳಾಗಿ ಹೋಗುತ್ತವೆ. 2023ರ ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಅವುಗಳ ದಾರಿಗೆ ಅಡ್ಡವಾಗಿ ನಮ್ಮ ಕಾಫಿ, ಅಡಿಕೆ, ಭತ್ತ, ರಸ್ತೆ, ಕಾಲುವೆ ಎಲ್ಲವೂ ಬೆಳೆದಿವೆ. ಇಷ್ಟನ್ನೂ ಐದು ವರ್ಷದವಳಿಗೆ ಹೇಳಲಾಗದೆ, ರಾತ್ರಿ ಬಿಚ್ಚಿ ಕಾಡಿಗೆ ಬಿಡುತ್ತಾರೆ ಎಂದಷ್ಟೇ ಹೇಳಿದ್ದೆ, ಅದೂ ಪೂರ್ತಿ ನಿಜವಲ್ಲ, ಸರಪಳಿ ಜೊತೆಗೇ ಹೋಗುತ್ತದೆ. ಈ ಸಲ ಹನ್ನೊಂದು ವರ್ಷದವಳು ಮತ್ತೆ ಕೇಳಿದರೆ ಪೂರ್ತಿ ಹೇಳಬೇಕೆಂದಿದ್ದೇನೆ. ಆನೆ ಸವಾರಿ ಬೇಕೆಂದು ಯಾರೂ ಹಟ ಮಾಡುವಂತಿಲ್ಲ ಎಂದು ತಂಗಿಗೆ ಈಗಲೇ ತಿಳಿಸಿಯಾಗಿದೆ.

ಮೈಸೂರಿನ ಕಡೆಗೆ ಹೋಗುವವರಿಗೆ ಸಕ್ರೆಬೈಲಿನ ಸಮಕ್ಕೆ ನಾನು ಇಡುವುದು ರಂಗನತಿಟ್ಟನ್ನು. ಕಾವೇರಿಯ ನಡುವಿನ ಪುಟ್ಟ ನಡುಗಡ್ಡೆಗಳ ಈ ಪಕ್ಷಿಧಾಮ, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಘೋಷಿಸಿದ್ದು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿಗಳಿಗಾಗಿ ಹೋದ ನಮಗೆ ಅಲ್ಲಿ ಸಿಕ್ಕಿದ್ದು ಮೊಸಳೆ. ಅಂಬಿಗ ಹುಟ್ಟನ್ನು ನೀರಿನಿಂದ ಎತ್ತಿ ದೋಣಿಯನ್ನು ಸುಮ್ಮನೆ ತೇಲಲು ಬಿಟ್ಟಾಗ, ಹತ್ತು ಹನ್ನೆರಡು ಅಡಿ ದೂರದ ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ ಮೊಸಳೆಯ ಒಳನಾಲಗೆಯ ಹಳದಿ ಬಣ್ಣವೂ ಕಾಣುತ್ತಿತ್ತು. ಅದು ಬಾಯಿ ತೆರೆದದ್ದು ನಮ್ಮನ್ನು ಹೆದರಿಸಲಿಕ್ಕಲ್ಲ, ಮೈಯ ಬಿಸಿಯನ್ನು ಹದಕ್ಕೆ ತರಲಿಕ್ಕೆ. ಮೇಲಿನ ಕೊಂಬೆಗಳಲ್ಲಿ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ಕಕ್ಕುತ್ತಿದ್ದವು, ಜಾರಿ ಬಿದ್ದ ಒಂದು ಮೀನಿಗೆ ಮೊಸಳೆ ತಿರುಗಿಯೂ ನೋಡಲಿಲ್ಲ. ಅಮ್ಮನಿಗೆ ಮಂಡಿ ಮಡಿಚುವ ಕಷ್ಟವಿರಲಿಲ್ಲ, ಕುಲುಕಾಟವಿರಲಿಲ್ಲ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಹೆಚ್ಚು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ಅದೊಂದನ್ನು ವಿಚಾರಿಸಿಕೊಂಡು ಹೊರಡಬೇಕು.

ಹಂಪಿಗೆ ಹೋಗುವವರು ದರೋಜಿಯನ್ನು ಸೇರಿಸಿಕೊಳ್ಳಬಹುದು. 1994ರಲ್ಲಿ ಘೋಷಿತವಾದ ಈ ಕರಡಿಧಾಮದಲ್ಲಿ ಮಧ್ಯಾಹ್ನದ ಹೊತ್ತಿಗೆ ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ, ಬಿಸಿಲು ಇಳಿದ ಮೇಲೆ ಕರಡಿಕಲ್ಲು ಗುಡ್ಡದ ಗುಹೆಗಳಿಂದ ಕರಡಿಗಳು ಇಳಿದು ಬರುತ್ತವೆ, ನಾವು ದೂರದ ವೀಕ್ಷಣಾ ಗೋಪುರದಿಂದ ನೋಡುತ್ತೇವೆ. ದುರ್ಬೀನು ಇಲ್ಲದೆ ಹೋದರೆ ಕರಡಿಗೂ ಬಂಡೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ನಾನು ಹೋದ ದಿನ ಬೆನ್ನ ಮೇಲೆ ಎರಡು ಮರಿಗಳನ್ನು ಹೊತ್ತ ತಾಯಿಯೊಂದು ಮುಕ್ಕಾಲು ಗಂಟೆ ಅದೇ ಬಂಡೆಯನ್ನು ನೆಕ್ಕುತ್ತ ಕುಳಿತಿತ್ತು. ನವಿಲುಗಳೂ ಮುಂಗುಸಿಗಳೂ ಪಾಲು ಕೇಳಲು ಬಂದು ಅಕ್ಕಪಕ್ಕದಲ್ಲೇ ಸುಳಿಯುತ್ತಿದ್ದವು. ಬೆಲ್ಲ ಹಚ್ಚಿ ಕರೆಯುವುದು ಸರಿಯೇ ಎಂಬ ಆಕ್ಷೇಪ ನನಗೂ ಇದೆ, ಅದನ್ನು ಇಟ್ಟುಕೊಂಡೇ ಇನ್ನೊಮ್ಮೆ ಹೋಗುತ್ತೇನೆ.

ಹಾಗಾದರೆ ನಿಜವಾದ ಕಾಡಿನ ಸಫಾರಿಯನ್ನು ಬಿಟ್ಟೇಬಿಡಬೇಕೆ ಎಂದರೆ, ಬಿಡಬೇಕಾಗಿಲ್ಲ, ಹುಲಿಯನ್ನು ಬಿಟ್ಟರೆ ಸಾಕು. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿಗಳ ಲೆಕ್ಕ ಸಿಕ್ಕಿತು, ಮಧ್ಯಪ್ರದೇಶದ ನಂತರ ನಮ್ಮದೇ ಎರಡನೆಯ ಸ್ಥಾನ. ಆದರೂ ಮೂರು ಗಂಟೆಯ ಓಡಾಟದಲ್ಲಿ ಅವುಗಳಲ್ಲಿ ಒಂದು ನಮ್ಮ ಎದುರಿಗೆ ಬರಬೇಕೆಂಬ ಕರಾರು ಎಲ್ಲೂ ಇಲ್ಲ. ಹುಲಿ ಕಂಡ ಸುದ್ದಿ ಸಿಕ್ಕ ಕೂಡಲೇ ಎಲ್ಲ ಜೀಪುಗಳೂ ಒಂದೇ ತಿರುವಿನಲ್ಲಿ ಜಮಾಯಿಸುತ್ತವೆ, ಅಲ್ಲಿ ಸಿಗುವುದು ಬನ್ನೇರುಘಟ್ಟದಷ್ಟೇ ನಿಮಿಷಗಳು. ಆನೆಗಳ ಲೆಕ್ಕಾಚಾರವೇ ಬೇರೆ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು, ಬಯಲಾದ ನೆಲದಲ್ಲಿ ಹಸಿರು ಹುಲ್ಲು ಚಿಗುರಿದಾಗ, ಸುತ್ತಲಿನ ಒಣಗಿದ ಕಾಡುಗಳಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ದೋಣಿಯ ಸಫಾರಿಯಲ್ಲಿ ದಡದಿಂದ ದೂರ ಉಳಿದು, ಒಂದೇ ಹಿಂಡಿನ ಎದುರು ಬಹಳ ಹೊತ್ತು ಇರಲು ಸಾಧ್ಯ. ನಾವು ಹೋದ ವರ್ಷ ಹೋಗಿದ್ದು ಬೇಸಿಗೆಯಲ್ಲೇ, ಆದರೆ ನಾಲ್ಕು ದಿನ ಬಿಟ್ಟೂಬಿಡದೆ ಮಳೆ ಹೊಯ್ದ ಮಾರನೆಯ ದಿನ. ಕಾಡಿನೊಳಗಿನ ಕೆರೆಗಳಲ್ಲಿ ನೀರು ನಿಂತ ಮೇಲೆ ಆನೆಗಳಿಗೆ ಹಿನ್ನೀರಿನ ಹಂಗೇಕೆ? ಇನ್ನೊಂದು ಮಾತು: ಕಾಡಂಚಿನ ಊರುಗಳಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದ ಮೇಲೆ, 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತ್ತು. ಸಿಬ್ಬಂದಿಯನ್ನೂ ವಾಹನಗಳನ್ನೂ ಹುಲಿಯ ಶೋಧಕ್ಕೆ ಬಳಸಬೇಕಾದ ಹೊತ್ತಿನಲ್ಲಿ ನಮ್ಮ ರಜೆಯ ಖುಷಿ ಎರಡನೆಯ ಮಾತು ಎಂಬುದು ನ್ಯಾಯವೇ. ಅಲ್ಲಿಗೆ ಹೊರಡುವವರು ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಿಂದಲೇ ತಿಳಿದುಕೊಂಡು, ಆಮೇಲೆ ರೆಸಾರ್ಟಿಗೆ ಮುಂಗಡ ಕಟ್ಟುವುದು ಒಳ್ಳೆಯದು.

ಈ ಏಪ್ರಿಲ್ಲಿಗೆ ನಾನು ಹಾಕಿರುವ ಯೋಜನೆ ಹೀಗಿದೆ. ಬುಧವಾರ ಬೆಳಿಗ್ಗೆ ಸಕ್ರೆಬೈಲು, ಅಂದು ಮಧ್ಯಾಹ್ನ ವಿಶ್ರಾಂತಿ; ಗುರುವಾರ ಬೆಳಿಗ್ಗೆ ತ್ಯಾವರೆಕೊಪ್ಪ; ಶುಕ್ರವಾರ, ಮಕ್ಕಳು ಮತ್ತೆ ಬೇಕೆಂದರೆ, ಮತ್ತೆ ಸಕ್ರೆಬೈಲೇ. ಒಂದೇ ಜಾಗಕ್ಕೆ ಎರಡು ಸಲವೇ ಎಂದು ತಂಗಿ ರಾಗ ಎಳೆದಳು. ಮೊದಲ ದಿನ ಆನೆ, ಎರಡನೆಯ ದಿನ ಯಾವ ಆನೆ ಎಂಬುದು ಗೊತ್ತಾಗುತ್ತದೆ ಎಂದು ನಾನು ಹೇಳಿದ್ದಕ್ಕೆ ಅವಳು ಒಪ್ಪಿದಂತೆ ಕಂಡಿತು. ಅಮ್ಮನಿಗೆ ಕೂರಲು ಮಡಚುವ ಕುರ್ಚಿಯೊಂದನ್ನು ತಂದಿಟ್ಟಿದ್ದೇನೆ. ಉಳಿದಿರುವ ತೊಡಕು ಒಂದೇ, ರಜೆಯಲ್ಲಿ ಹತ್ತು ಗಂಟೆಯವರೆಗೆ ಮಲಗುವ ಪುಣೆಯ ಮಕ್ಕಳನ್ನು ಏಳೂವರೆಗೆ ಸ್ನಾನ ಮಾಡಿಸಿ ಹೊರಡಿಸುವುದು. "ಅಲ್ಲಿ ಆನೆಗೇ ಸ್ನಾನ ಇದೆಯಲ್ಲ, ನಮಗೆ ಯಾಕೆ?" ಎಂದು ಚಿಕ್ಕವನು ಫೋನಿನಲ್ಲಿ ಈಗಾಗಲೇ ವಾದ ಹೂಡಿದ್ದಾನೆ.